ಮೂರು ಮನೆಗಳ ಪಾಳಿ

ಡಾಕ್ಟರರ ಮುಂದೆ ಅಮ್ಮ ಏನಾದರೂ ಹೇಳಿಬಿಟ್ಟಾಳು ಎಂಬ ಭಯಕ್ಕಿಂತ, ಏನೂ ಹೇಳದೆ ಸುಮ್ಮನೆ ಕೂತುಬಿಟ್ಟಾಳು ಎಂಬ ಭಯವೇ ಶ್ರೀಲತಾಳಿಗೆ ದೊಡ್ಡದಾಗಿತ್ತು. ಕುಂದಾಪುರದ ಆ ನರರೋಗದ ಕ್ಲಿನಿಕ್ಕಿನ ಹೊರಗೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದ ತಾಯಿ ಜಲಜ, ಬಸ್ಸಿಗೆ ಕಾಯುವವಳ ಹಾಗೆ ಬಾಗಿಲನ್ನೇ ನೋಡುತ್ತಿದ್ದಳು. ಹಿಂದಕ್ಕೆ ಒರಗಿ ಕೂತುಕೋ ಎಂದು ಮಗಳು ಹೇಳಿದಾಗ ಒರಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತುದಿಗೆ ಬಂದಿದ್ದಳು. ಬೆಳಿಗ್ಗೆ ಕಿರಿಮಂಜೇಶ್ವರದಲ್ಲಿ ದೊಡ್ಡ ತಮ್ಮ ರತನನ ಮನೆಯಿಂದ ಅಮ್ಮನನ್ನು ಕರಕೊಂಡು ಹೊರಡುವಾಗ ಅವನು ಗೇಟಿನ ತನಕ ಬಂದು ದನಿ ತಗ್ಗಿಸಿ ಹೇಳಿದ್ದ: "ಡಾಕ್ಟ್ರ್ ಮರೆವಿನ್ ಕಾಯ್ಲೆ ಅಂದ್ ಹೇಳಿರೆ, ಬ್ರಹ್ಮಾವರದ್ ಬದಿಗೆ ಒಂದ್ ಕಡೆ ಕಂಡ್ಕಂಡ್ ಬಂದಿದ್ದೆ ಅಕ್ಕ. ಲಾಯ್ಕ್ ಜಾಗ. ಉಂಬುಕೆ ತಿಂಬುಕೆ ಎಲ್ಲ ಸಮ ಕೊಡ್ತ್ರ್." ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು. ರತನ್ ಕೆಟ್ಟವನಲ್ಲ. ಕಡಲಿನ ಮೇಲೆ ಎಂಥ ಗಾಳಿಗೂ ಬೆದರದ ಆ ಮನುಷ್ಯ ತನ್ನ ತಾಯಿಗೆ ಹೆದರಿಬಿಟ್ಟಿದ್ದ, ಅಷ್ಟೇ. ವಯಸ್ಸಾದವರನ್ನು ಇಟ್ಟುಕೊಳ್ಳುವ ಆ ಜಾಗಕ್ಕೆ ಅಮ್ಮ ಹೋಗಬೇಕೋ ಬೇಡವೋ ಎನ್ನುವುದು ಇನ್ನು ಸ್ವಲ್ಪ ಹೊತ್ತಿನಲ್ಲಿ, ಆ ಬಾಗಿಲಿನ ಆಚೆ, ತೀರ್ಮಾನವಾಗುವುದಿತ್ತು.

ಅವನನ್ನು ಹೆದರಿಸಿದ್ದು ಒಂದು ಬೆಕ್ಕು, ಅದೂ ಇಲ್ಲದ ಬೆಕ್ಕು. ಕಿರಿಮಂಜೇಶ್ವರಕ್ಕೆ ಬಂದ ಮರುದಿನವೇ ಅಮ್ಮ ಮೀನಿನ ತಲೆಗಳನ್ನು ತೆಂಗಿನ ಗೆರಟೆಯಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋಗಿ ಬೆಕ್ಕನ್ನು ಕರೆದಳು, ಕರೆದಳು, ಬಾರದಿದ್ದಾಗ ಒಳಗೆ ಬಂದು, ಮರಿಗಳನ್ನು ಎಲ್ಲಿಗೆ ಸಾಗಿಸಿದೆ ಎಂದು ರತನನ ಹೆಂಡತಿಯನ್ನು ಕೇಳಿದಳು. ಆ ಮನೆಯಲ್ಲಿ ಬೆಕ್ಕು ಸಾಕಿದವರೇ ಇಲ್ಲ. ಆಮೇಲೆ, ಉಪ್ಪು ಹಾಕಿಟ್ಟ ಬಂಗಡೆ ಎಲ್ಲಿ ಹೋಯಿತು ಎಂಬ ತಕರಾರು; ಉಪ್ಪು ಹಾಕಿದವರಾರೋ, ತಿಂದವರಾರೋ. ಅದೂ ಸಾಲದೆಂಬಂತೆ ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ಇದ್ದಕ್ಕಿದ್ದಂತೆ ತಲೆಯೆತ್ತಿ, "ನೀ ಅವತ್ತ್ ಹೇಳಿದ್ದಕ್ಕೆ ಈಗ ಹೇಳ್ತೆ ಕಾಣ್, ನಿನ್ ಅಮ್ಮ ಮಾಡು ಗಸಿಗಿಂತ ನನ್ ಗಸಿ ಲಾಯ್ಕಿತ್ತ್" ಎಂದು ಸೊಸೆಯ ಮೇಲೆ ಏರಿಹೋದಳಂತೆ. ಯಾವತ್ತು ಹೇಳಿದ್ದು, ಸಾರಿನ ಬಗ್ಗೆ ಏನು ಹೇಳಿದ್ದು, ತಲೆಬುಡ ತಿಳಿಯದೆ ಆ ಬಡಪಾಯಿ ಅರ್ಧ ಅನ್ನ ಬಿಟ್ಟು ಕೈತೊಳೆದುಕೊಂಡಳು. ರಾತ್ರಿ ರತನ್ ಫೋನು ಮಾಡಿದಾಗ ಹಿಂದಿನಿಂದ ಅವಳು ಮೂಗು ಒರೆಸುವುದು ಕೇಳುತ್ತಿತ್ತು. "ಎಂತ ಮಾಡುದ್ ಅಕ್ಕ," ಎಂದಿದ್ದ ರತನ್. ಎಂತ ಮಾಡುವುದು ಎಂದು ಅಕ್ಕನನ್ನು ಕೇಳುವುದು ಆ ಮನೆತನದಲ್ಲಿ ಹಿಂದಿನಿಂದ ಬಂದದ್ದು, ಅವಳು ಓದಿದವಳು, ಹಿರಿಯಳು. ಪಾಳಿಯ ಏರ್ಪಾಡೂ ಅವಳದೇ. ಅಪ್ಪ ತೀರಿಕೊಂಡ ಮೇಲೆ ಮೂವರು ಮಕ್ಕಳೂ ಕೂತಾಗ, ಮೂರು ಮನೆ ಇದೆ, ಅಮ್ಮ ತಿಂಗಳಿಗೊಂದು ಮನೆಯಲ್ಲಿರಲಿ, ಯಾರ ಮೇಲೂ ಭಾರ ಬೀಳುವುದು ಬೇಡ ಎಂದು ಅವಳು ಹೇಳಿದ್ದೇ ತಡ ತಮ್ಮಂದಿರಿಬ್ಬರೂ ತಲೆಯಾಡಿಸಿದ್ದರು. ಸಾಸ್ತಾನದಲ್ಲಿ ಚಿಕ್ಕ ತಮ್ಮ ಶೈಲೇಶನ ಮನೆ, ಅಲ್ಲಿಂದ ಕಿರಿಮಂಜೇಶ್ವರ, ಅಲ್ಲಿಂದ ಕುಂದಾಪುರದಲ್ಲಿ ಇವಳ ಮನೆ, ಮತ್ತೆ ಸಾಸ್ತಾನ. ಎಷ್ಟು ನ್ಯಾಯವಾದ ಏರ್ಪಾಡು ಎಂದು ನೆಂಟರೂ ಹೊಗಳಿದ್ದರು. ಆದರೆ ಅವರದು ಅಳಿಯಕಟ್ಟಿನ ಜನ. ತಾಯಿ ಮಗಳ ಕಡೆ ಇರುವುದೇ ರೂಢಿ. ಇದ್ದ ಒಬ್ಬಳೇ ಮಗಳು ಒಂದು ಮಾತು ಹೇಳಿದ್ದರೆ ಪಾಳಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಆ ಒಂದು ಮಾತು ಬಾಯಿಗೆ ಬಾರದಿರಲಿ ಎಂದೇ ಅಲ್ಲವೇ ತಾನು ಅಷ್ಟು ಚೆಂದದ ನ್ಯಾಯ ಹುಡುಕಿದ್ದು? ಶ್ರೀಲತಾ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದಳು. ಅಮ್ಮ ಇನ್ನೂ ಬಾಗಿಲನ್ನೇ ನೋಡುತ್ತಿದ್ದಳು.

ಫೋನು ಗುನುಗಿತು. ಆಫೀಸಿನ ಅಕ್ಷಯ್. ರಜೆ ಹಾಕಿದ್ದೇನೆ ಎಂದು ಹೇಳಿದ್ದರೂ ಬಿಡುವವನಲ್ಲ. ಸಂಜೆಯೊಳಗೆ ಇವಳ ಒಪ್ಪಿಗೆ ಬೇಕಾಗಿತ್ತು. ಹೊರದೇಶದ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನ ಕೆಲಸ ಅದು. ಅಕ್ಷಯ್ ಹುಟ್ಟುವ ಮೊದಲೇ ಯಾರೋ ಬರೆದಿಟ್ಟ ಪ್ರೋಗ್ರಾಮುಗಳು ಇಷ್ಟು ವರ್ಷ ಒಂದೇ ಜಾಗದಲ್ಲಿ, ರೀಜನ್ ಎನ್ನುತ್ತಾರೆ ಅದಕ್ಕೆ, ತಮ್ಮ ಪಾಡಿಗೆ ದುಡಿದುಕೊಂಡಿದ್ದವು. ಈಗ ಕೆಲಸದ ಒತ್ತಡ ಹೆಚ್ಚಾಗಿ, ಅಂಥ ಮೂರು ರೀಜನ್ ಮಾಡಿ, ಬಂದ ಕೆಲಸವನ್ನು ಯಾವುದು ಬಿಡುವಾಗಿದೆಯೋ ಅದಕ್ಕೆ ಆಯಾ ಹೊತ್ತಿಗೆ ಹಂಚುವುದೆಂದು ಆಗಿತ್ತು. ಹೆಚ್ಚಿನವಕ್ಕೆ ಎಲ್ಲಿ ಹೋದರೂ ಒಂದೇ. ಆದರೆ ಕೆಲವು ಇರುತ್ತವೆ: ಅರ್ಧ ಕೆಲಸ ಮಾಡಿ, ಮುಂದಿನ ಅರ್ಧಕ್ಕೆ ಬೇಕಾದ ಒಂದು ಚೂರನ್ನು ಆ ರೀಜನ್ನಿನ ಮೂಲೆಯಲ್ಲಿ ಬಿಟ್ಟು ಹೋಗುತ್ತವೆ, ತಿರುಗಿ ಬಂದು ತೆಗೆದುಕೊಳ್ಳುವ ಭರವಸೆಯಲ್ಲಿ. ಆ ಭರವಸೆಗೆ ಅಫಿನಿಟಿ ಎಂದು ಹೆಸರು. ಅದನ್ನು ಮೊದಲೇ ಪತ್ತೆ ಮಾಡದೆ ಹಂಚಿಬಿಟ್ಟರೆ, ಪ್ರೋಗ್ರಾಮು ಇನ್ನೊಂದು ರೀಜನ್ನಿಗೆ ಹೋಗಿ ಖಾಲಿ ಮೂಲೆಗೆ ಕೈ ಹಾಕುತ್ತದೆ. ಪತ್ತೆಗೆ ಒಂದು ಸಾಧನವಿದೆ. ಯಾರು ಎಲ್ಲಿ ಏನಿಟ್ಟರು, ಯಾರು ತೆಗೆದರು ಎಂದು ಅದು ಬೆನ್ನಹಿಂದೆಯೇ ನಿಂತು ನೋಡುತ್ತಿರುತ್ತದೆ, ಮದುವೆಮನೆಯಲ್ಲಿ ಪಾತ್ರೆ ಕಾಯುವ ಅಜ್ಜಿಯ ಹಾಗೆ. ಅದು ಕಂಡದ್ದರಲ್ಲಿ ಯಾವುದು ನಿಜ, ಯಾವುದು ಬರೀ ಅನುಮಾನ ಎಂದು ಬೇರ್ಪಡಿಸುವುದು ಶ್ರೀಲತಾಳ ಕೆಲಸ. ಕುಂದಾಪುರದ ಮನೆಯ ಮಹಡಿಯ ಕೋಣೆಯಲ್ಲಿ ಕೂತು ಅವಳು ಇದನ್ನೇ ಮಾಡುತ್ತಿದ್ದಳು. ಗಂಡ ಮಲ್ಪೆಯಲ್ಲಿ ಬೋಟುಗಳ ಇಂಜಿನು ರಿಪೇರಿ ಮಾಡುವವನು, ಕತ್ತಲಾದ ಮೇಲೆ ಮನೆಗೆ ಬಂದು, ಇವತ್ತು ನಿನ್ನ ಯಂತ್ರ ಏನಂತು ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ನಾನಕ್ಕೆ ಹೋಗುತ್ತಿದ್ದ.

"ಮೇಡಂ, ಆ ಕ್ಲೇಮಿನ ಪ್ರೋಗ್ರಾಮ್ ತಲೆಕೆಟ್ಟ ಹಾಗೆ ಆಡ್ತಿದೆ," ಎಂದ ಅಕ್ಷಯ್. "ಒಂದು ಸಲ ಸರಿಯಾದ ಉತ್ತರ ಕೊಡುತ್ತೆ, ಇನ್ನೊಂದು ಸಲ ಗಿರಾಕಿಯ ಹೆಸರೇ ಗೊತ್ತಿಲ್ಲ ಅನ್ನುತ್ತೆ. ಕ್ಲೈಂಟಿಗೆ ಸಾಕಾಗಿಹೋಗಿದೆ. ಹಳೇದು, ತೆಗೆದೇ ಹಾಕೋಣ ಅಂತಿದ್ದಾರೆ."

"ಮೊದಲು ಒಂದೇ ರೀಜನ್ನಿನಲ್ಲಿ ಇದ್ದಾಗ ತಪ್ಪು ಮಾಡಿತ್ತಾ?"

"ಇಲ್ಲ ಮೇಡಂ. ಒಂದು ದಿನವೂ ಇಲ್ಲ."

"ಹಾಗಾದರೆ ಅದಕ್ಕೆ ಏನೂ ಆಗಿಲ್ಲ ಅಕ್ಷಯ್. ಅದು ಇಟ್ಟದ್ದು ಒಂದು ಕಡೆ, ನಾವು ಹುಡುಕಲಿಕ್ಕೆ ಕಳಿಸುತ್ತಿರುವುದು ಇನ್ನೊಂದು ಕಡೆ. ಕೇಳಿದರೆ ತಲೆಕೆಟ್ಟಿದೆ ಅಂತ..." ಅವಳ ಮಾತು ಅಲ್ಲಿಗೇ ನಿಂತಿತು. ಆಚೆಯಿಂದ ಅಕ್ಷಯ್ ಹಲೋ ಹಲೋ ಎನ್ನುತ್ತಿದ್ದ. ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟು ಅವಳು ತಾಯಿಯ ಕಡೆ ತಿರುಗಿದಳು. ಹಣೆಯ ಮೇಲೆ ಬೆವರಿನ ಸಣ್ಣ ಗೆರೆ, ಮಂಡಿಯ ಮೇಲೆ ಊರಿದ ಎರಡು ಕೈ. ಬುಟ್ಟಿ ಹೊತ್ತು ಬೀದಿಬೀದಿ ತಿರುಗಿ ಮೀನು ಮಾರಿದ ಹೆಂಗಸು. ಯಾವ ಮನೆಗೆ ಯಾವ ಮೀನು, ಯಾರಿಗೆ ಮುಳ್ಳಾಗದು, ಯಾರ ಮನೆಯಲ್ಲಿ ಸೋಮವಾರ ಮೀನಿಲ್ಲ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದವಳು. ಶ್ರೀಲತಾ ಎದ್ದು ಕಿಟಕಿಯ ಬಳಿ ಹೋಗಿ ಸಾಸ್ತಾನಕ್ಕೆ ಫೋನು ಮಾಡಿದಳು. ಶೈಲೇಶನ ಹೆಂಡತಿ ಕುಸುಮ ಎತ್ತಿದಳು. ಕುಸುಮಳ ಗಂಟಲು ದೊಡ್ಡದು. ಅವಳು ಗುಟ್ಟು ಹೇಳಿದರೆ ಟೋಲ್‌ಗೇಟಿನ ತನಕ ಕೇಳುತ್ತದೆ ಎಂದು ಶೈಲೇಶನೇ ನಗಾಡುವುದಿದೆ.

"ಕುಸುಮ, ನಿಮ್ಮನ್ಯಂಗೆ ಬೆಕ್ಕ್ ಇತ್ತಾ?"

"ಇತ್ತಲೆ ಅತ್ತಿಗೆ. ಎಂತಕೆ? ಸೌದಿ ರಾಶಿ ಹಿಂದೆ ಮರಿ ಹಾಕಿತ್. ಅತ್ತೆ ರತನಣ್ಣನ ಮನಿಗ್ ಹೋಪು ಮುಂಚಿನ್ ದಿನ. ಅವ್ರೇ ಗೋಣಿ ಹಾಸಿ ಕೊಟ್ಟದ್ದ್."

"ಬಂಗ್ಡಿಗೆ ಉಪ್ಪ್ ಹಾಕಿದ್ದ್?"

"ಹೌದೌದ್, ಅದೂ ಅವ್ರೇ. ಬ್ಯಾಡ ಅಂದ್ರೂ ಕೇಂತಿಲ್ರ್. ಇಲ್ಲೇ ಇತ್ತ್, ನಾ ಮುಟ್ಲಿಲ್ಲೆ." ಆಮೇಲೆ, ಯಾರೂ ಕೇಳದಿದ್ದರೂ, ದನಿ ಸ್ವಲ್ಪ ಇಳಿಸಿ ಹೇಳಿದಳು: "ಹೋಪು ದಿನ ಗಸಿ ವಿಷ್ಯಕ್ಕೆ ನಾನ್ ಒಂದ್ ಮಾತ್ ಜಾಸ್ತಿ ಆಡ್ದೆ ಅತ್ತಿಗೆ. ನನ್ನಮ್ಮ ಮಾಡುದ್ ಹೀಂಗಲ್ಲ ಅಂದೆ. ಅಷ್ಟೊತ್ತಿಗೆ ರತನಣ್ಣ ಕಾರ್ ತಂದ್ರ್. ಅವ್ರ್ ಹಾಂಗೇ ಹತ್ತಿ ಹೋಯ್ರ್."

ಅರ್ಧ ಜಗಳ ಸಾಸ್ತಾನದಲ್ಲಿ, ಇನ್ನರ್ಧ ಕಿರಿಮಂಜೇಶ್ವರದಲ್ಲಿ. ಶ್ರೀಲತಾಳಿಗೆ ನಗು ಬಂತು. ತಿಂಗಳಿಡೀ ತಾವು ಮೂವರೂ ಓದಿದವರ ಹಾಗೆ ಫೋನಿನಲ್ಲಿ ಮಾತಾಡಿದ್ದೇ ಮಾತಾಡಿದ್ದು, ಅಮ್ಮನ ತಲೆಯ ಬಗ್ಗೆ, ಮಾತ್ರೆಗಳ ಬಗ್ಗೆ, ಬ್ರಹ್ಮಾವರದ ಬಗ್ಗೆ. ಬೆಕ್ಕು ಎಲ್ಲಿಯದು ಎಂದು ಒಬ್ಬರೂ ಕೇಳಿರಲಿಲ್ಲ. ಜಾಗವನ್ನು ಬದಲಿಸಿದ್ದು ತಾವು, ಕಳೆದುಕೊಂಡದ್ದಕ್ಕೆ ಹೊಣೆ ಮಾಡಿದ್ದು ಅವಳನ್ನು. ಅದಾಗಲೇ ಅವಳ ಮನಸ್ಸು ಲೆಕ್ಕ ಹಾಕಲು ತೊಡಗಿತ್ತು, ಅಭ್ಯಾಸಬಲ. ತಪ್ಪುಗಳೆಲ್ಲ ರತನನ ಮನೆಯಲ್ಲಿ. ಕುಂದಾಪುರದ ತನ್ನ ಮನೆಯಲ್ಲಿ ಅಮ್ಮ ಒಂದೇ ಒಂದು ತಪ್ಪು ಮಾಡಿರಲಿಲ್ಲ. ಹುಡುಕಿದ್ದಿಲ್ಲ, ಜಗಳ ತೆಗೆದದ್ದಿಲ್ಲ, ಕರೆದರೆ ಊಟಕ್ಕೆ ಬರುವುದು, ಹಾಕಿದಷ್ಟು ಉಣ್ಣುವುದು. ನನ್ನಲ್ಲಿ ಅಮ್ಮ ಸರಿಯಾಗಿಯೇ ಇರುತ್ತಾಳಪ್ಪ ಎಂದು ತಮ್ಮಂದಿರಿಗೆ ಅವಳು ಹೇಳಿಯೂ ಇದ್ದಳು, ಹೇಳುವಾಗ ದನಿಯಲ್ಲಿ ಬಂದ ಹೆಮ್ಮೆಯನ್ನು ಮುಚ್ಚಿಡಲೂ ಹೋಗಿರಲಿಲ್ಲ. ಒಂದು ಸಲ ಮಾತ್ರ, ಮೊದಲನೆಯ ಪಾಳಿಯಲ್ಲಿ, ಮಹಡಿಯಲ್ಲಿ ಕ್ಲೈಂಟಿನ ಜೊತೆ ಮೀಟಿಂಗು ನಡೆಯುತ್ತಿದ್ದಾಗ ಅಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು, "ಹ್ವಾಯ್, ಮೀನ್ ಬಂತ್, ಅಂಜಲ್ ಇತ್ತ್, ತಕಂಬುದಾ?" ಎಂದು ಕೂಗಿದ್ದಳು. ಪರದೆಯ ಮೇಲೆ ಸಾಲಾಗಿ ಕೂತ ಮುಖಗಳು ನಕ್ಕಿದ್ದವು. ಕೆಟ್ಟ ನಗುವೇನಲ್ಲ. ಅಕ್ಷಯ್ ಅಂತೂ, ಮೇಡಂ ನಮಗೂ ಒಂದು ಪೀಸ್ ಎಂದಿದ್ದ. ಶ್ರೀಲತಾ ಮಾತ್ರ ಕಿವಿಯವರೆಗೆ ಕೆಂಪಾಗಿ, ಎದ್ದು ಹೋಗಿ, ಅಮ್ಮನ ಮುಖ ನೋಡದೆ ಬಾಗಿಲು ಹಾಕಿಕೊಂಡಿದ್ದಳು. ಜೋರಾಗಿಯೂ ಹಾಕಿರಲಿಲ್ಲ. ಸಂಜೆ ಏನಾದರೂ ಹೇಳಬೇಕೆಂದು ಕೆಳಗೆ ಬಂದರೆ ಅಮ್ಮ ಎಂದಿನ ಹಾಗೆಯೇ ಇದ್ದಳು, ಹಾಗಾಗಿ ಹೇಳಲಿಲ್ಲ. ನರ್ಸು ಬಾಗಿಲಿಗೆ ಬಂದು, ಜಲಜ ಎಂದು ಕೂಗಿದಾಗ ಶ್ರೀಲತಾ ಬೆಚ್ಚಿಬಿದ್ದಳು.

ಡಾಕ್ಟರರು ನರೆತ ಹುಬ್ಬಿನ, ಅವಸರವಿಲ್ಲದ ಮನುಷ್ಯ. ಹೆಸರು ಕೇಳಿದರು, ಅಮ್ಮ ಹೇಳಿದಳು. ಮಕ್ಕಳೆಷ್ಟು ಎಂದರು, ಹೇಳಿದಳು. "ಈಗ ಯಾರ ಮನೆಯಲ್ಲಿದ್ದೀರಿ ಅಮ್ಮ?" ಎಂದಾಗ ಅಮ್ಮ ಮಗಳ ಮುಖ ನೋಡಿದಳು. ಪಾಠ ಬಾರದ ಹುಡುಗಿ ಪಕ್ಕದವಳನ್ನು ನೋಡುವ ಹಾಗೆ ನೋಡಿದಳು. ಶ್ರೀಲತಾಳ ತುಟಿ ತಾನಾಗಿ ಅಲುಗಿತು. ಡಾಕ್ಟರರು ಕೈಯೆತ್ತಿ ತಡೆದರು.

"ಇವತ್ತಾ?" ಎಂದಳು ಅಮ್ಮ. "ಇವತ್ತ್ ಯಾರ್ ಮನ್ಯಂಗೂ ಇಲ್ಲೆ. ಒಂದ್ ಮನಿಯಿಂದ ಹೊರ್ಟ್ ಆಯ್ತ್, ಇನ್ನೊಂದ್ ಮನಿಗ್ ಮುಟ್ಲಿಲ್ಲೆ."

"ಬೆಳಿಗ್ಗೆ ಎಂತ ತಿಂದ್ರಿ?"

"ಕೊಟ್ಟದ್ದ್ ತಿಂದೆ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಶ್ರೀಲತಾ ಹೇಳತೊಡಗಿದಳು, ಮೊದಲು ತಡವರಿಸಿ, ಆಮೇಲೆ ಒಂದೇ ಉಸಿರಿಗೆ: ಮೂರು ಮನೆಯ ಪಾಳಿ, ಸಾಸ್ತಾನದ ಬೆಕ್ಕು, ಬಂಗಡೆ, ಅರ್ಧಕ್ಕೆ ಬಿಟ್ಟ ಜಗಳ. ಹೇಳುವಾಗ ಅಮ್ಮ ಅವಳನ್ನು ಕುತೂಹಲದಿಂದ ನೋಡುತ್ತಿದ್ದಳು, ಯಾರದೋ ಮನೆಯ ಸುದ್ದಿ ಕೇಳುವವಳ ಹಾಗೆ. ಡಾಕ್ಟರರು ಕೊನೆಗೆ ಹೇಳಿದ್ದಿಷ್ಟು: ವಯಸ್ಸಿನ ಮರೆವು ಸ್ವಲ್ಪ ಇರುತ್ತದೆ, ಇಲ್ಲವೆನ್ನುವುದಿಲ್ಲ, ಆದರೆ ಕಾಯಿಲೆ ಎಂದು ಇವತ್ತು ಹೇಳಲಾರೆ, ಮಾತ್ರೆಯನ್ನೂ ಕೊಡುವುದಿಲ್ಲ. ಕೆಲವು ತಿಂಗಳು ಒಂದೇ ಮನೆಯಲ್ಲಿ ಇಟ್ಟು ನೋಡಿ. ಆಮೇಲೆ ಕರಕೊಂಡು ಬನ್ನಿ.

ಕಾರಿನ ಹತ್ತಿರ ನಿಂತು ಅವಳು ರತನನಿಗೆ ವಿಷಯ ಹೇಳಿದಳು.  "ಬೆಕ್ಕ್ ಇದ್ದದ್ದ್ ಹೌದಾ ಹಾಂಗಾರೆ," ಎಂದ ಅವನು. ಬ್ರಹ್ಮಾವರದ ಮಾತು ಮತ್ತೆ ಎತ್ತಲಿಲ್ಲ. ಅಕ್ಷಯನಿಗೆ, ಆ ಪ್ರೋಗ್ರಾಮನ್ನು ತೆಗೆಯಬೇಡಿ, ಒಂದೇ ರೀಜನ್ನಿಗೆ ಕಟ್ಟಿಡಿ, ಅದು ಸರಿಯಿದೆ ಎಂದು ಎರಡು ಸಾಲು ಕಳಿಸಿದಳು. ಕಾರು ಶಾಸ್ತ್ರಿ ಸರ್ಕಲ್ಲಿನ ಗದ್ದಲಕ್ಕೆ ಬರುವಷ್ಟರಲ್ಲಿ ಅವಳ ಎದೆ ಹಗುರಾಗಿತ್ತು. ಹಗುರಾದ ಎದೆಯಲ್ಲಿ ಒಳ್ಳೆಯತನ ಸಲೀಸಾಗಿ ಉಕ್ಕುತ್ತದೆ. ಒಂದೇ ಮನೆ ಎಂದಮೇಲೆ ಯಾವ ಮನೆ ಎಂದು ಕೇಳುವುದೇನಿದೆ? ತಪ್ಪೇ ಆಗದ ಮನೆ. ಮಗಳ ಮನೆ. ಅಂದು ಆಡದೆ ನುಂಗಿದ ಮಾತನ್ನು ಇಂದಾದರೂ ಆಡುವ ಧೈರ್ಯ ಬಂತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಕರುಣೆ ಬಂದು ಕಣ್ಣು ತೇವವಾಯಿತು.

"ಅಮ್ಮ, ಇನ್ನ್ ಪಾಳಿ ಬ್ಯಾಡ. ನಮ್ಮನ್ಯಂಗೇ ಇರ್. ಯಾವತ್ತೂ."

ಅಮ್ಮ ಹೊರಗೆ ನೋಡುತ್ತಿದ್ದಳು. ಮನೆಯ ಕಡೆ ತಿರುಗುವ ರಸ್ತೆ ಹತ್ತಿರವಾಗುತ್ತಿತ್ತು.

"ಇನ್ನ್ ಒಂದೇ ಕಡೆ ಇಪ್ಪುದಾ?"

"ಹೌದ್. ಡಾಕ್ಟ್ರ್ ಹೇಳಿರ್ ಅಲ್ದಾ?"

"ಹಾಂಗಾರೆ ನಂಗೆ ಸಾಸ್ತಾನಕ್ಕೆ ಬಿಡ್."

ಶ್ರೀಲತಾ ಕಾರು ಬದಿಗೆ ನಿಲ್ಲಿಸಿದಳು. ಹಿಂದಿನ ರಿಕ್ಷಾದವನು ಹಾರ್ನು ಹೊಡೆದು, ಏನೋ ಗೊಣಗಿ, ಸುತ್ತಿ ಹೋದ. "ಕುಸುಮ ದಿನಾ ಬೈತ್ಲ್ ಅಂದ್ ನೀನೇ ಹೇಳ್ತೆ ಅಲ್ದಾ ಅಮ್ಮ?"

"ಬೈತ್ಲ್. ನಾನೂ ಬೈತೆ." ಅಮ್ಮ ಅವಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ, ಮಗಳಿಗೆ ಬೇಸರವಾದೀತಲ್ಲ ಎಂಬ ಮುಜುಗರ ಮಾತ್ರ ಇತ್ತು. "ನಿನ್ ಮನ್ಯಂಗೆ ನಾನ್ ಯಾರಿಗ್ ಬೈಯ್ಲಿ, ಮಗಾ? ನೀ ನನ್ನ ಲಾಯ್ಕಾಯೇ ಕಂಡ್ಕಂತೆ. ಎಂತ ಕಡಿಮಿ ಇಲ್ಲೆ."

ಎಂತದೂ ಕಡಿಮೆ ಇಲ್ಲ. ಕಾರು ಸಾಸ್ತಾನದ ದಾರಿ ಹಿಡಿಯಿತು; ಕೋಟೇಶ್ವರ ದಾಟಿತು, ಕುಂಭಾಸಿ ದಾಟಿತು, ಹೆದ್ದಾರಿಯ ಉದ್ದಕ್ಕೂ ಅವಳು ಕುಂದಾಪುರದ ತನ್ನ ಮನೆಯಲ್ಲಿ ಅಮ್ಮನನ್ನು ಹುಡುಕುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಬಿಟ್ಟು ಹೋದ ಒಂದು ಸೌಟು? ಹಿತ್ತಲಲ್ಲಿ ನೆಟ್ಟ ಒಂದು ಬಸಳೆ ಬಳ್ಳಿ? ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದು ನಿಲ್ಲಿಸಿದ ಒಂದು ಮಾತು? ಹೋಗುವ ದಿನ ಹಾಸಿದ ಚಾದರವನ್ನೂ ತಾನೇ ಒಗೆದು, ಮಡಚಿ, ಕುಡಿದ ಲೋಟವನ್ನೂ ತೊಳೆದು ಕವುಚಿಟ್ಟು ಹೋಗುವಳು. ಎಷ್ಟು ಅಚ್ಚುಕಟ್ಟು ಎಂದು ಶ್ರೀಲತಾ ಮೆಚ್ಚಿಕೊಂಡದ್ದಿದೆ. ಆಫೀಸಿನ ಆ ಪತ್ತೆಯ ಸಾಧನ ಏನನ್ನೂ ಕಾಣಲಿಲ್ಲ ಎಂದರೆ ಎರಡರಲ್ಲಿ ಒಂದು, ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವವಳು ಅವಳೇ: ಅಲ್ಲಿ ಬಿಟ್ಟು ಹೋದದ್ದು ನಿಜಕ್ಕೂ ಏನೂ ಇಲ್ಲ, ಇಲ್ಲವೇ ನೋಡುತ್ತಿದ್ದಷ್ಟು ದಿನವೂ ಆ ಕೆಲಸ ಅಲ್ಲಿ ನಡೆದೇ ಇಲ್ಲ. ಅಮ್ಮ ತನ್ನ ಮನೆಯಲ್ಲಿ ತಪ್ಪು ಮಾಡಲಿಲ್ಲ ಎಂದುಕೊಂಡಿದ್ದಳು. ಅಮ್ಮ ತನ್ನ ಮನೆಯಲ್ಲಿ ಬದುಕಿಯೇ ಇರಲಿಲ್ಲ. ತೆಕ್ಕಟ್ಟೆಯ ಹತ್ತಿರ ಎದುರಿನ ರಸ್ತೆ ಮಸುಕಾಯಿತು, ಕಣ್ಣು ಒರೆಸಿಕೊಂಡರೂ ಮತ್ತೆ ಮಸುಕಾಯಿತು. ಪಕ್ಕದಲ್ಲಿ ಅಮ್ಮ ಈಗ ಸೀಟಿಗೆ ಪೂರ್ತಿ ಒರಗಿ ಕೂತಿದ್ದಳು.

ಸಾಸ್ತಾನದಲ್ಲಿ ಕೋಡಿಯ ಕಡೆ ತಿರುಗಿ, ಶೈಲೇಶನ ಮನೆಯ ಅಂಗಳಕ್ಕೆ ಕಾರು ಬಂದು ನಿಲ್ಲುವ ಮೊದಲೇ ಕುಸುಮಳ ಗಂಟಲು ಕೇಳಿತು. ಶೈಲೇಶ್ ಮೀನಿನ ಟೆಂಪೋ ತೆಗೆದುಕೊಂಡು ಹೋಗಿದ್ದ. ಬಾವಿಕಟ್ಟೆಯ ಹತ್ತಿರ ಮೆಟ್ಟುಕತ್ತಿಯ ಮುಂದೆ ಕೂತು ಮೀನು ಕೊಯ್ಯುತ್ತಿದ್ದವಳು ಎದ್ದೂ ಏಳದೆ, "ಉಪ್ಪ್ ಆ ನಮೂನಿ ಸುರ್ದಿಟ್ಟ್ ಹೋಯ್ರಿ ಅಲ್ದಾ ಅತ್ತೆ, ಆ ಬಂಗ್ಡಿ ಯಾರ್ ತಿಂಬುದ್?" ಎಂದಳು.

"ತೊಳ್ದ್ ತಿಂಬ್ಕೆ ಬತ್ತಿಲ್ಲ್ಯಾ ನಿಂಗೆ?" ಎಂದಳು ಅಮ್ಮ, ಕಾರಿನಿಂದ ಇಳಿಯುತ್ತಲೇ. "ಗಸಿ ವಿಷ್ಯ ಇನ್ನೂ ಮುಗಿಲಿಲ್ಲೆ, ನೆನ್ಪಿರ್ಲಿ."

"ನಂಗೂ ಮುಗಿಲಿಲ್ಲೆ. ಒಳಗ್ ಬನಿ, ಹೇಳ್ತೆ."

ಕುಸುಮ ನಗುತ್ತಿದ್ದಳೋ ಸಿಡುಕುತ್ತಿದ್ದಳೋ ಶ್ರೀಲತಾಳಿಗೆ ಗೊತ್ತಾಗಲಿಲ್ಲ. ಅಮ್ಮನಿಗೆ ಗೊತ್ತಾಗಿರಬೇಕು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದಾರಿಗೆ ಅಡ್ಡವಿದ್ದ ಕೊಡಪಾನವನ್ನು ಕಾಲಿನಿಂದಲೇ ಬದಿಗೆ ಸರಿಸಿ, ಹಿಂದೆ ತಿರುಗಿ ನೋಡದೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಒಳಗೆ ಡಬ್ಬದ ಮುಚ್ಚಳ ತೆಗೆದ ಸದ್ದು, ಪಾತ್ರೆ ಒಲೆಯ ಮೇಲೆ ಕೂತ ಸದ್ದು. ಕತ್ತಲ ಕೋಣೆಯಲ್ಲೂ ಯಾವುದು ಎಲ್ಲಿದೆ ಎಂದು ತಿಳಿದ ಕೈಯ ಸದ್ದು. ಶ್ರೀಲತಾ ಜಗಲಿಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿದಳು. ಅವಳ ಮುಖದಲ್ಲಿ ಮನೆಗೆ ಬಂದವರನ್ನು ಉಪಚರಿಸುವ ಹೆಂಗಸಿನ ನಗೆಯಿತ್ತು.

"ನಿಂತೇ ಇದ್ಯಲ್ಲೆ ಮಗಾ, ಕೂಕೋ. ಚಾ ಕುಡ್ದೇ ಹೋಯ್ಕ್. ನೀ ಸಕ್ರಿ ಹಾಕ್ತ್ಯಾ, ಬ್ಯಾಡ್ದಾ?"

ಶ್ರೀಲತಾ ಸಕ್ಕರೆ ಬಿಟ್ಟು ಬಹಳ ವರ್ಷವಾಗಿತ್ತು. "ಹಾಕ್ ಅಮ್ಮ," ಎಂದಳು. ಒಳಗೆ ಹೋಗಿ ನಿಲ್ಲಬಹುದೋ ಏನೋ ತಿಳಿಯದೆ, ಜಗಲಿಯಲ್ಲಿ ಬಂದವರಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತಳು.